ತೊಳೆದ ಕಾಲಿಗೇ ನೀರು

ಈಸ್ಟರಿಗೆ ಮುಂಚಿನ ಗುರುವಾರ ಸಂಜೆ ಮಂಗಳೂರು ಕಡೆಯ ಇಗರ್ಜಿಗಳಲ್ಲಿ ಗುರುಗಳು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಕಡೆಯ ಊಟದ ರಾತ್ರಿ ಯೇಸು ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ. ಆ ಹನ್ನೆರಡರಲ್ಲಿ ಹೆಸರು ಬಂದವರ ಮನೆಯಲ್ಲಿ ಅಂದು ಮಧ್ಯಾಹ್ನದ ಸಡಗರ ನೋಡಬೇಕು. ಉಗುರು ಕತ್ತರಿಸುವುದೇನು, ಹಿಮ್ಮಡಿ ತಿಕ್ಕುವುದೇನು, ಸೋಪು ಸವೆಸುವುದೇನು! ಇಷ್ಟು ತೊಳೆದ ಕಾಲನ್ನು ಗುರುಗಳು ಮತ್ತೆ ಯಾಕಪ್ಪಾ ತೊಳೆಯಬೇಕು ಎಂದು ಕೇಳಿಬಿಡಬೇಡಿ. ಕೊಳಕು ಕಾಲನ್ನು ಹಾಗೇ ಚಾಚಿ ಕೂರುವ ಎದೆಗಾರಿಕೆ ನಿಮಗಿದೆಯೇ? ನನಗಂತೂ ಇಲ್ಲ.

2013ರಲ್ಲಿ ಪೋಪ್ ಫ್ರಾನ್ಸಿಸ್ ಪಟ್ಟಕ್ಕೆ ಬಂದ ಹೊಸತರಲ್ಲೇ ರೋಮಿನ ಬಾಲಾಪರಾಧಿಗಳ ಬಂದೀಖಾನೆಗೆ ಹೋಗಿ ಅಲ್ಲಿನ ಹನ್ನೆರಡು ಎಳೆಯರ ಕಾಲು ತೊಳೆದರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸಲ್ಮಾನರೂ ಇದ್ದರು. ಹೆಂಗಸರ ಕಾಲು ತೊಳೆಯಬಹುದೇ ಎಂದು ದೊಡ್ಡ ಚರ್ಚೆಯಾಯಿತು. ಆ ಮಕ್ಕಳೂ ಮೊದಲೇ ಕಾಲು ತೊಳೆದುಕೊಂಡು ಬಂದಿದ್ದರೇ ಎಂಬುದು ನನ್ನ ಕುತೂಹಲ. ಇರಲಿ ಬಿಡಿ.

ಕಾಲು ಚಾಚುವ ಈ ನಾಚಿಕೆಗೆ ಮೂಲಪುರುಷ ಯೇಸುವಿನ ಶಿಷ್ಯ ಪೇತ್ರ. ಯೇಸು ಬೋಗುಣಿ ಹಿಡಿದು ಬಂದಾಗ, ಬೇಡವೇ ಬೇಡ ಎಂದು ಕಾಲು ಎಳೆದುಕೊಂಡ. ಹಾಗಾದರೆ ನನಗೂ ನಿನಗೂ ಸಂಬಂಧವಿಲ್ಲ ಎಂಬ ಮಾತು ಬಂದದ್ದೇ ತಡ, ಕೈ, ತಲೆ ಎಲ್ಲ ತೊಳೆ ಎಂದ. ಹೋಟೆಲಿನಲ್ಲಿ ಬಿಲ್ಲಿಗಾಗಿ ಗುದ್ದಾಡುವ ನಮ್ಮ ನೆಂಟರ ಥರವೇ! ಕೊಡಲು ಎಲ್ಲರೂ ಮುಂದು. ಪುಕ್ಕಟೆ ಪಡೆಯಿರಿ ಅಂದರೆ ಮರ್ಯಾದೆ ಅಡ್ಡ ಬರುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ನುಂಗಲು ಕಷ್ಟದ ತುತ್ತು ಇದೇ ಎಂದು ನನಗೆ ಅನ್ನಿಸುವುದುಂಟು. ಸೇವೆ ಮಾಡಿ ನಿನ್ನ ಯೋಗ್ಯತೆ ತೋರಿಸು ಎಂದು ಅದು ಶುರುಮಾಡುವುದಿಲ್ಲ. ನೀನು ಈಗಾಗಲೇ ಬೇಕಾದವನು, ಕೂತುಕೋ, ಮೊದಲು ಕಾಲು ಕೊಡು ಅನ್ನುತ್ತದೆ. ಸೇವೆಯ ಮಾತು ಆಮೇಲೆ.

ನಾವೋ, ಇದನ್ನು ತಲೆಕೆಳಗು ಮಾಡಿದವರು. ಆಸ್ಪತ್ರೆಯಲ್ಲಿ ಹಣ್ಣು ಹಂಚುವ ಫೋಟೋ ನೋಡಿದ್ದೀರಲ್ಲ? ಒಂದು ಚಿಪ್ಪು ಬಾಳೆಹಣ್ಣು, ಅದಕ್ಕೆ ಎಂಟು ಕೈ, ಎಂಟೂ ಮುಖ ಕ್ಯಾಮೆರಾದ ಕಡೆ. ರೋಗಿಯೊಬ್ಬ ಮಾತ್ರ ಹಣ್ಣಿನ ಕಡೆ ನೋಡುತ್ತಿರುತ್ತಾನೆ.

ಆಸ್ಪತ್ರೆ ಅಂದಾಗ ನೆನಪಾಯಿತು. ಬೆಂಗಳೂರಿನಿಂದ ಕಾಟ್ಪಾಡಿ ಕಡೆಗೆ ಹೋಗುವ ರೈಲಿನಲ್ಲಿ ಎಕ್ಸ್‌ರೇ ಕವರು ತೊಡೆಯ ಮೇಲಿಟ್ಟುಕೊಂಡವರು ಸಿಕ್ಕೇ ಸಿಗುತ್ತಾರೆ. ಎಲ್ಲಿಗೆ ಎಂದು ಕೇಳಬೇಕಾಗಿಲ್ಲ, ವೆಲ್ಲೂರಿಗೆ. ಅಮೆರಿಕದ ಮಿಷನರಿ ಮನೆತನದ ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಶುರುಮಾಡಿದ ಆಸ್ಪತ್ರೆ ಅದು. ಆಕೆಯ ಕತೆ ಬಹಳ ಜನಕ್ಕೆ ಗೊತ್ತು. ನಾನು ಹೇಳಹೊರಟದ್ದು ಅಲ್ಲೇ ಓದಿದ ಮೇರಿ ವರ್ಗೀಸ್ ಎಂಬ ಮಲಯಾಳಿ ಡಾಕ್ಟರ ವಿಷಯ. ಹೆರಿಗೆ, ಸ್ತ್ರೀರೋಗಗಳಲ್ಲೇ ಮುಂದುವರಿಯಬೇಕೆಂದಿದ್ದವರು. 1954ರಲ್ಲಿ ಗೆಳೆಯರೊಡನೆ ಹೋಗುತ್ತಿದ್ದ ವಾಹನ ಉರುಳಿತು. ಮುಖಕ್ಕೆ ಗಾಯ, ಬೆನ್ನುಹುರಿಗೆ ಪೆಟ್ಟು, ಸೊಂಟದಿಂದ ಕೆಳಗೆ ಸ್ವಾಧೀನವೇ ಇಲ್ಲ. ಮೂವತ್ತೂ ತುಂಬದ ಡಾಕ್ಟರು ಈಗ ತಾವೇ ರೋಗಿ. ಇನ್ನು ನನ್ನಿಂದ ಯಾರಿಗೇನು ಉಪಯೋಗ ಎಂಬ ಪ್ರಶ್ನೆ ಅಂಥ ಹಾಸಿಗೆಯಲ್ಲಿ ಕಾಡದೆ ಬಿಟ್ಟೀತೇ? ದೇವರು ಪ್ರೀತಿಸುತ್ತಾನಮ್ಮ ಎಂದು ಸಮಾಧಾನ ಹೇಳುವವರು ಹೇಗೂ ಇರುತ್ತಾರೆ. ಪಾಲ್ ಬ್ರ್ಯಾಂಡ್ ಎಂಬ ಸರ್ಜನ್ ಮಾತ್ರ ಕೆಲಸದ ಮಾತು ತಂದರು. ಕುಷ್ಠದಿಂದ ಮುರುಟಿದ ಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ನೇರ ಮಾಡುವುದರಲ್ಲಿ ಪಳಗಿದ ಕೈ ಅವರದು. ಕೈಯ ಆಪರೇಷನ್ನು ಕೂತೇ ಮಾಡಬಹುದಲ್ಲ ಎಂದರು!

ಮೇರಿ ಗಾಲಿಕುರ್ಚಿಯಲ್ಲಿ ಕೂತು ಕತ್ತರಿ ಹಿಡಿದರು. ಊರು ದೂರ ಇಟ್ಟ ರೋಗಿಗಳ ಕೈ ಸರಿಮಾಡಲು ಕಾಲಿಲ್ಲದ ಡಾಕ್ಟರಮ್ಮ. ನಡೆಯುವ ಡಾಕ್ಟರು ಧೈರ್ಯ ಹೇಳುವುದಕ್ಕೂ ಇವರು ಎದುರಿಗೆ ಬಂದು ಕೂರುವುದಕ್ಕೂ ವ್ಯತ್ಯಾಸ ಇಲ್ಲವೇ? ಮುಂದೆ ನ್ಯೂಯಾರ್ಕಿಗೆ ಹೋಗಿ ಅಂಗವಿಕಲರ ಪುನರ್ವಸತಿಯನ್ನೇ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಅದಕ್ಕೊಂದು ಸಂಸ್ಥೆಯಾಯಿತು. 1972ರಲ್ಲಿ ಪದ್ಮಶ್ರೀ ಬಂತು. ಪದ್ಮಶ್ರೀಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಆ ಮೊದಲ ದಿನ ಕತ್ತರಿ ಹಿಡಿಯುವ ಮುಂಚೆ ಅವರ ಎದೆ ಹೇಗೆ ಬಡಿದುಕೊಂಡಿತೋ ಎಂಬ ಯೋಚನೆ.

ಎಲ್ಲರಿಗೂ ಸರ್ಜನ್ ಆಗುವ ಯೋಗ ಇರುವುದಿಲ್ಲ, ನಿಜ. ಕೆಲವರಿಗೆ ಪಾತ್ರೆ ತೊಳೆಯುವುದೇ ಬರುವುದು, ಅದೂ ಬೇಸರದಿಂದ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಬ್ರದರ್ ಲಾರೆನ್ಸ್ ಎಂಬವರಿದ್ದರು. ಸೈನಿಕರಾಗಿ ಗಾಯಗೊಂಡು ಕುಂಟಾದರು. ಆಮೇಲೆ ದೊಡ್ಡವರೊಬ್ಬರ ಮನೆಯಲ್ಲಿ ಆಳಾಗಿ, ಮುಟ್ಟಿದ್ದನ್ನೆಲ್ಲ ಒಡೆದು ಹಾಕಿದರು. ಮಠಕ್ಕೆ ಸೇರಿದರೆ ಈ ಒಡ್ಡತನಕ್ಕೆ ಸರಿಯಾದ ಶಾಸ್ತಿಯಾದೀತು ಎಂದುಕೊಂಡು ಪ್ಯಾರಿಸಿನ ಕಾರ್ಮೆಲ್ ಮಠ ಸೇರಿದರು. ಶಾಸ್ತಿ ಆಗಲಿಲ್ಲ, ಸಂತೋಷವೇ ಆಯಿತು. ದೇವರು ನಿರಾಸೆ ಮಾಡಿಬಿಟ್ಟ ಎಂದು ಅವರೇ ಹೇಳಿಕೊಂಡಿದ್ದಾರೆ! ಸಿಕ್ಕಿದ್ದು ಅಡಿಗೆಮನೆ, ಅದು ಅವರಿಗೆ ಸೇರದ ಕೆಲಸ. ಆದರೂ ಬಾಣಲೆಯ ಮೊಟ್ಟೆ ಮಗುಚುವುದನ್ನೂ ದೇವರಿಗಾಗಿಯೇ ಮಾಡುತ್ತ ಕಾಲ ಕಳೆದರು. ಅವರು ತೀರಿಕೊಂಡ ಮೇಲೆ ಅವರ ಮಾತು, ಪತ್ರಗಳು ಪುಸ್ತಕವಾದವು.

ಒಮ್ಮೆ ಮಠದವರು ಇವರನ್ನು ಬರ್ಗಂಡಿಗೆ ದ್ರಾಕ್ಷಾರಸ ಕೊಳ್ಳಲು ಅಟ್ಟಿದರು. ಯಾಕೆ ಇವರನ್ನೇ ಅಟ್ಟಿದರೋ! ವ್ಯಾಪಾರ ತಿಳಿಯದು, ಕಾಲು ಕುಂಟು; ದೋಣಿಯಲ್ಲಿ ಅತ್ತಿಂದಿತ್ತ ಹೋಗಬೇಕಾದರೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಹೋಗಬೇಕು. ಅವರು ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ, ಖರೀದಿಗೂ ಕೆಡಿಸಿಕೊಳ್ಳಲಿಲ್ಲ. ಇದು ನಿನ್ನ ಕೆಲಸ, ನೋಡಿಕೋ ಎಂದು ದೇವರಿಗೆ ಒಪ್ಪಿಸಿಬಿಟ್ಟರಂತೆ. ಖರೀದಿ ಚೆನ್ನಾಗಿಯೇ ಆಯಿತು ಅನ್ನುತ್ತದೆ ಪುಸ್ತಕ. ದ್ರಾಕ್ಷಾರಸದ ರುಚಿ ಹೇಗಿತ್ತೆಂದು ಮಾತ್ರ ಬಾಯಿ ಬಿಡುವುದಿಲ್ಲ.