ಬಿಲ್ ಕೇಳಿದರೆ ಜಗಳ ಮಾಡಿದಂತಲ್ಲ



ನಾವು ಕಾಸರಗೋಡಿನ ಕಡೆಯವರು ಎರಡು ರಾಜ್ಯಗಳಲ್ಲಿ ಪೇಟೆ ಮಾಡುವವರು. ರೇಷನ್ ಕಾರ್ಡು ಕೇರಳದ್ದು, ಮೀನು ತರಕಾರಿ ಊರಿನ ಪೇಟೆಯದ್ದು. ಆದರೆ ಮದುವೆಯ ಚಿನ್ನ, ಕ್ರಿಸ್ಮಸ್ ಬಟ್ಟೆ, ಫ್ರಿಡ್ಜು, ಮೊಬೈಲು ಎಂದರೆ ಬಸ್ಸೋ ರೈಲೋ ಹತ್ತಿ ಮಂಗಳೂರಿಗೆ ಹೋಗುವುದು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ. ತಂದ ವಸ್ತು ಸರಿಯಾಗಿದ್ದರೆ ಗಡಿ ನೆನಪಾಗುವುದೇ ಇಲ್ಲ. ಅದು ಕೆಟ್ಟಾಗ ಮಾತ್ರ ತಲಪಾಡಿ ಬಹಳ ದೂರ ಎಂದು ಕಾಣುತ್ತದೆ.

ಹಾಗೆ ಕೆಟ್ಟಾಗ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ. "ಹೋಗಲಿ ಬಿಡಿ, ನಮ್ಮ ಗ್ರಹಚಾರ" ಎನ್ನುತ್ತೇವೆ. ಇದಕ್ಕೆ ನನಗೆ ಕಾಣುವ ಕಾರಣ ಮೂರು. ಒಂದು, ಕೇಳಿದರೆ ಜಗಳಗಂಟರು ಎನಿಸಿಕೊಳ್ಳುವ ಸಂಕೋಚ. ಎರಡು, ಭಾಷೆ: ವಾರಂಟಿ ಕಾರ್ಡು ಇಂಗ್ಲಿಷಿನಲ್ಲಿ, ಕಚೇರಿಯ ಬೋರ್ಡು ಮಲಯಾಳದಲ್ಲಿ, ಓದಬೇಕಾದ ಅಮ್ಮನಿಗೆ ಬರುವುದು ಕನ್ನಡ. ಮೂರು, ಕಾನೂನು ಏನು ಹೇಳುತ್ತದೆ ಎಂದು ಗೊತ್ತಿಲ್ಲದಿರುವುದು. ಮೂರನೆಯದು ಸರಿಯಾದರೆ ಮೊದಲ ಎರಡು ಅರ್ಧ ಕಡಿಮೆಯಾಗುತ್ತವೆ ಎಂದು ನಾನು ಕಂಡುಕೊಂಡದ್ದು ನಮ್ಮ ವಾಳೆಯ ಒಬ್ಬ ಆಂಟಿಯ ಹೊಲಿಗೆ ಮಷಿನ್ನಿನಿಂದ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆಂಟಿ ಮನೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುವವರು. ಕಳೆದ ವರ್ಷ ಮೊಂತಿ ಹಬ್ಬದ ಮರುವಾರ ಮಂಗಳೂರಿನ ಒಂದು ಅಂಗಡಿಯಿಂದ ಮೋಟಾರಿನ ಹೊಸ ಮಷಿನ್ ತಂದರು, ಹದಿನೆಂಟೂವರೆ ಸಾವಿರ ರೂಪಾಯಿಗೆ. ಹನ್ನೆರಡನೇ ದಿನಕ್ಕೆ ಹೊಲಿಗೆ ತಪ್ಪತೊಡಗಿತು. ನಾಲ್ಕು ಹೊಲಿಗೆ ಬಿದ್ದರೆ ಐದನೆಯದು ಇಲ್ಲ. ಸೂಜಿ ಬದಲಿಸಿದರು, ನೂಲು ಬದಲಿಸಿದರು, ಆಗಲಿಲ್ಲ. ಮಷಿನ್ನಿನ ತಲೆಭಾಗವನ್ನು ಬಿಚ್ಚಿ ಗೋಣಿಯಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಅಂಗಡಿಗೆ ಹೋದರು. ಅಲ್ಲಿ ಎರಡು ಉತ್ತರ ಸಿಕ್ಕಿತು. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿದ್ದ, ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ ಎಂಬ ಸಾಲನ್ನು ತೋರಿಸಿದರು. ಮತ್ತೆ, "ನೀವು ಇದರಲ್ಲಿ ವ್ಯಾಪಾರ ಮಾಡುವವರು, ಗ್ರಾಹಕರ ಕೋರ್ಟಿಗೆ ಹೋದರೂ ನಡೆಯುವುದಿಲ್ಲ" ಎಂದರು. ಆಂಟಿ ಗೋಣಿ ಹಿಡಿದು ವಾಪಸು ಬಂದರು.

ಆದಿತ್ಯವಾರ ಪೂಜೆ ಮುಗಿದ ಮೇಲೆ ವಾರಂಟಿ ಕಾರ್ಡು ನನ್ನ ಕೈಗೆ ಕೊಟ್ಟು, "ಇದರಲ್ಲಿ ಏನು ಬರೆದಿದೆ ಓದಿ ಹೇಳು ಮಗಾ" ಎಂದರು. ಮನೆಯಲ್ಲಿ ಗಲಾಟೆ ಬೇಡ ಎನ್ನುತ್ತಿದ್ದಾರೆ ಎಂದೂ ಹೇಳಿದರು. ಆಮೇಲೆ ತಗ್ಗಿದ ಸ್ವರದಲ್ಲಿ, "ಕುಟುಂಬಶ್ರೀಯಲ್ಲಿ ಸಾಲ ಮಾಡಿ ತಂದದ್ದು ಮಾರಾಯಾ. ಮಷಿನ್ ನಿಂತರೂ ಕಂತು ನಿಲ್ಲುವುದಿಲ್ಲವಲ್ಲ" ಎಂದರು.

ಕಾರ್ಡಿನಲ್ಲಿ ಒಂದು ವರ್ಷದ ವಾರಂಟಿ ಇತ್ತು. ಹೊಲಿದು ಸಂಪಾದಿಸುವವರಿಗೆ ಅದು ಅನ್ವಯಿಸುವುದಿಲ್ಲ ಎಂಬ ಮಾತು ಎಲ್ಲೂ ಇರಲಿಲ್ಲ. ಆ ರಾತ್ರಿ ಕೂತು ಕಾನೂನನ್ನೂ ಓದಿದೆ. ಓದಿದ್ದು ಬಿ.ಎಸ್ಸಿ.ಯಾದ್ದರಿಂದ ಕಾನೂನಿನ ಭಾಷೆ ನನಗೆ ಹೊಸತು, ಆದರೆ ನಿಧಾನವಾಗಿ ಓದಿದರೆ ಅರ್ಥವಾಗದಷ್ಟು ಕಷ್ಟವೇನಲ್ಲ.

ನಮ್ಮ ದೇಶದಲ್ಲಿ ಮೊದಲ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದದ್ದು 1986ರಲ್ಲಿ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಡಿಸೆಂಬರ್ 24ನ್ನೇ ರಾಷ್ಟ್ರೀಯ ಗ್ರಾಹಕರ ದಿನವಾಗಿ ಆಚರಿಸುತ್ತಾರೆ. ನಾವು ಗೋದಲಿ ಕಟ್ಟುವ ಗಡಿಬಿಡಿಯಲ್ಲಿರುವ ದಿನವಾದ್ದರಿಂದ ನಮಗೆ ಅದು ನೆನಪಿರುವುದಿಲ್ಲ! ಈಗ ಇರುವುದು 2019ರ ಹೊಸ ಕಾಯಿದೆ. ಜಾರಿಗೆ ಬಂದದ್ದು 2020ರ ಜುಲೈಯಲ್ಲಿ. ಅದರಲ್ಲಿ ಗ್ರಾಹಕರ ಆರು ಹಕ್ಕುಗಳನ್ನು ಹೇಳಿದೆ: ಪ್ರಾಣಕ್ಕೂ ಆಸ್ತಿಗೂ ಅಪಾಯ ತರುವ ಸರಕು ಸೇವೆಗಳಿಂದ ರಕ್ಷಣೆ, ಗುಣಮಟ್ಟ ಪ್ರಮಾಣ ಬೆಲೆಗಳ ಮಾಹಿತಿ, ಹಲವು ವಸ್ತುಗಳಲ್ಲಿ ಆಯ್ದುಕೊಳ್ಳುವ ಅವಕಾಶ, ನಮ್ಮ ಮಾತನ್ನು ಕೇಳಿಸಿಕೊಳ್ಳಬೇಕು ಎಂಬ ಹಕ್ಕು, ಅನ್ಯಾಯವಾದರೆ ಪರಿಹಾರ, ಮತ್ತು ಗ್ರಾಹಕ ಶಿಕ್ಷಣ.

ಆಂಟಿಗೆ ಸಿಕ್ಕ ಎರಡೂ ಉತ್ತರಗಳಿಗೆ ಈ ಕಾಯಿದೆಯಲ್ಲಿ ಮರು ಉತ್ತರ ಇತ್ತು. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದೆ ಪಡೆದು ಹಣ ಕೊಡಲು ಒಪ್ಪದಿರುವುದನ್ನು ಕಾಯಿದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಇನ್ನು ವ್ಯಾಪಾರದ ಮಾತು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂಬುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲು ಮಾತ್ರ ಕೊಂಡು ತಾನೇ ಬಳಸುವವರನ್ನು ಕಾಯಿದೆ ಅದರಿಂದ ಹೊರಗಿಟ್ಟಿದೆ. ಮನೆಯಲ್ಲಿ ತಾನೇ ಹೊಲಿದು ಬದುಕುವ ಹೆಂಗಸು ಗ್ರಾಹಕಿಯೇ. ಸ್ವಂತ ಆಟೋ ಓಡಿಸುವ ನಮ್ಮ ಅಣ್ಣಂದಿರೂ ಇದನ್ನು ನೆನಪಿಟ್ಟುಕೊಳ್ಳಿ.

ಗಡಿಯಲ್ಲಿರುವ ನಮಗೆ ಇದಕ್ಕಿಂತಲೂ ಮುಖ್ಯವಾದ ಬದಲಾವಣೆ ಇನ್ನೊಂದು. ಹಳೆಯ ಕಾಯಿದೆಯಂತೆ ಅಂಗಡಿಯವರು ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ದೂರು ಕೊಡಬೇಕಿತ್ತು. ಈಗ ದೂರು ಕೊಡುವವರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಅಂದರೆ ಮಂಗಳೂರಿನಲ್ಲಿ ಕೊಂಡ ವಸ್ತುವಿನ ಬಗ್ಗೆ ಕಾಸರಗೋಡಿನ ಜಿಲ್ಲಾ ಆಯೋಗಕ್ಕೆ ಹೋಗಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ, ನಾವೇ ವಾದಿಸಬಹುದು. ಜಿಲ್ಲಾ ಆಯೋಗ 50 ಲಕ್ಷದವರೆಗಿನ ವ್ಯವಹಾರಗಳನ್ನು ವಿಚಾರಿಸುತ್ತದೆ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಇ-ಜಾಗೃತಿ ಎಂಬ ಸರಕಾರಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಲೂ ಆಗುತ್ತದೆ.

ನಾವು ಅಲ್ಲಿಯವರೆಗೆ ಹೋಗಲಿಲ್ಲ. ಮೊದಲು ಒಂದು ಪತ್ರ ಬರೆದೆವು. ಬಿಲ್ಲಿನ ನಂಬರು, ತಾರೀಕು, ಕೊಟ್ಟ ಹಣ. ಯಾವ ದಿನದಿಂದ ಏನು ತೊಂದರೆ. ಅಂಗಡಿಗೆ ಹೋದ ದಿನ ಏನು ಹೇಳಿದರು. ನಮಗೆ ಏನು ಬೇಕು, ಎಷ್ಟು ದಿನದೊಳಗೆ ಬೇಕು. ಇಷ್ಟೇ, ಒಂದು ಪುಟ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಆಂಟಿ ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದು ಮತ್ತೆ ಕನ್ನಡದಲ್ಲಿ ಓದಿ ಕೇಳಿಸಿದೆ, ಅವರು ಸಹಿ ಹಾಕಿದರು. ಹೊಲಿಗೆ ತಪ್ಪುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟೆವು. ಪತ್ರವನ್ನು ಅಂಗಡಿಗೂ ಕಂಪೆನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಶೀದಿ ಇಟ್ಟುಕೊಂಡೆವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ ದೂರು ದಾಖಲಿಸಿದೆವು. ಅದರಲ್ಲಿ ಕನ್ನಡದಲ್ಲೂ ಮಾತನಾಡುವ ವ್ಯವಸ್ಥೆ ಇದೆ. ನೇರವಾಗಿ ಆಯೋಗಕ್ಕೆ ಹೋಗುವ ಮೊದಲು ಕಂಪೆನಿಯೊಂದಿಗೆ ಮಾತುಕತೆಯಲ್ಲಿ ಮುಗಿಸಲು ಈ ಸಹಾಯವಾಣಿ ನೆರವಾಗುತ್ತದೆ.

ಹನ್ನೊಂದನೇ ದಿನ ಕಂಪೆನಿಯ ಮೆಕ್ಯಾನಿಕ್ ಮನೆಗೆ ಬಂದು ನೋಡಿದರು. ರಿಪೇರಿ ಮಾಡಿದ ಮೇಲೂ ಸರಿಯಾಗಲಿಲ್ಲ. ನವೆಂಬರ್ ಕೊನೆಗೆ ಹೊಸ ಮಷಿನ್ ಬಂತು. ಅಷ್ಟರಲ್ಲಿ ಒಂದು ಮದುವೆಯ ಬ್ಲೌಸುಗಳ ದೊಡ್ಡ ಆರ್ಡರ್ ಬೇರೆ ಟೈಲರಿನ ಪಾಲಾಗಿತ್ತು. ಅದಕ್ಕೂ ಪರಿಹಾರ ಕೇಳಬಹುದು ಎಂದೆ. "ಮಷಿನ್ ಸಿಕ್ಕಿತಲ್ಲ, ಇನ್ನು ಹೊಲಿಯುತ್ತೇನೆ. ಕ್ರಿಸ್ಮಸಿಗೆ ದಿನ ಇಲ್ಲ" ಎಂದರು. ಅದು ಅವರ ತೀರ್ಮಾನ. ಎರಡು ತಿಂಗಳ ಕಂತನ್ನು ಮಾತ್ರ ಮನೆಯ ಖರ್ಚಿನಿಂದ ಎತ್ತಿ ಕಟ್ಟಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಕ್ಷಮಿಸಬೇಕು ಎಂದು ಕಲಿತವರು ನಾವು, ಹೀಗೆಲ್ಲ ಕೇಳುವುದು ಸರಿಯೇ ಎಂದು ಒಬ್ಬರು ನನ್ನನ್ನು ಕೇಳಿದ್ದುಂಟು. ಅಳತೆಯನ್ನು ಕಿರಿದು ಮಾಡಿ, ತಕ್ಕಡಿಯಲ್ಲಿ ಮೋಸ ಮಾಡಿ ಬಡವರಿಗೆ ಮಾರುವವರನ್ನು ಪ್ರವಾದಿ ಆಮೋಸನು ಎಷ್ಟು ಕಟುವಾಗಿ ಖಂಡಿಸಿದ್ದಾನೆ ಎಂದು ಬೈಬಲ್ ತೆರೆದು ನೋಡಿ. ಅಂಗಡಿಯವರ ಮೇಲೆ ಕೋಪ ಇಟ್ಟುಕೊಳ್ಳದೆಯೂ ಸರಿಯಾದ ಮಷಿನ್ ಕೇಳಬಹುದು. ಆಂಟಿ ಈಗಲೂ ನೂಲು, ಸೂಜಿ ತರುವುದು ಅದೇ ಅಂಗಡಿಯಿಂದ.

ದೂರಿನ ಮಾತು ಬರುವುದಕ್ಕೆ ಮೊದಲೇ ನೋಡಿ ಕೊಳ್ಳುವುದು ನಮ್ಮ ಜವಾಬ್ದಾರಿ. ಕಾಲೇಜಿನ ಲ್ಯಾಬಿನಲ್ಲಿ ತೂಕ ಮಾಡುವ ಮೊದಲು ತಕ್ಕಡಿ ಸೊನ್ನೆಯಲ್ಲಿದೆಯೇ ನೋಡು ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಮೀನಿನ ಅಂಗಡಿಯಲ್ಲೂ ಅದೇ ಪಾಠ, ಪೆಟ್ರೋಲ್ ಪಂಪಿನಲ್ಲೂ ಅದೇ ಪಾಠ. ಮನೆಗೆ ಬರುವ ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಎರಡನ್ನೂ ಕೂಡಿಸಿ, ತಂದವರಲ್ಲಿ ತೂಗಿ ತೋರಿಸಲು ಹೇಳಿ. ಪ್ಯಾಕೆಟಿನ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ವಿವರ ಇರಬೇಕು. ಎಂಆರ್‌ಪಿಗಿಂತ ಹೆಚ್ಚು ಕೇಳುವಂತಿಲ್ಲ. ತಿನ್ನುವ ವಸ್ತುವಾದರೆ ಎಫ್ಎಸ್ಎಸ್ಎಐಯ 14 ಅಂಕಿಯ ನಂಬರು ನೋಡಿ. ಚಿನ್ನಕ್ಕೆ ಬಿಐಎಸ್ ಗುರುತು, 22ಕೆ916ರಂತೆ ಶುದ್ಧತೆ, ಮತ್ತು ಆರು ಅಕ್ಷರ ಅಂಕಿಗಳ ಎಚ್‌ಯುಐಡಿ, ಹೀಗೆ ಮೂರು ಗುರುತು. ಆ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಅಂಗಡಿಯಲ್ಲೇ ಪರಿಶೀಲಿಸಬಹುದು. ಮದುವೆ ನಿಶ್ಚಯವಾದ ಮನೆಯವರು ಇದೊಂದನ್ನಾದರೂ ಮರೆಯಬೇಡಿ.

ಇನ್ನೊಂದು ಬದಿಯನ್ನೂ ಹೇಳಬೇಕು. ನಮ್ಮ ಘಟಕದಲ್ಲೇ ಇಬ್ಬರು ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡುವವರು ಇದ್ದಾರೆ. ಮದುವೆಗೆ ಉಟ್ಟು, ಸೆಂಟಿನ ವಾಸನೆಯೂ ಹೋಗದ ಸೀರೆಯನ್ನು "ಬಣ್ಣ ಇಷ್ಟವಾಗಲಿಲ್ಲ" ಎಂದು ವಾಪಸು ತರುವವರ ಕತೆ ಅವರಿಂದ ಕೇಳಿ. ಮಾಲಿಕರು ಬೈಯುವುದು ಗ್ರಾಹಕರನ್ನಲ್ಲ, ಕೌಂಟರಿನಲ್ಲಿ ನಿಂತ ಹುಡುಗಿಯನ್ನು. ವಸ್ತುವಿನಲ್ಲಿ ದೋಷ ಇರುವುದು ಬೇರೆ, ನಮ್ಮ ಮನಸ್ಸು ಬದಲಾಗುವುದು ಬೇರೆ. ತೆರಿಗೆ ಉಳಿಸಲು "ಬಿಲ್ ಬೇಡ, ರೇಟು ಕಡಿಮೆ ಮಾಡಿ" ಎಂದು ನಾವೇ ಹೇಳಿ, ವಸ್ತು ಕೆಟ್ಟಾಗ ನ್ಯಾಯ ಕೇಳಲು ಹೋದರೆ ಕೈಯಲ್ಲಿ ಆಧಾರ ಏನಿರುತ್ತದೆ?

ಕಾಯಿದೆಯಲ್ಲಿ ಸರಕು ಮಾತ್ರವಲ್ಲ, ಹಣ ಪಡೆದು ಮಾಡುವ ಸೇವೆಯೂ ಬರುತ್ತದೆ ಎಂದು ಮಾತಿನ ನಡುವೆ ಆಂಟಿಗೆ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಾನು ಬ್ಲೌಸು ಹಾಳು ಮಾಡಿದರೆ ನನಗೂ ಇದೇ ಕಾನೂನಾ?" ಎಂದು ಕೇಳಿದರು. ಹೌದು ಎಂದೆ. ಈಗ ಅವರು ಬಟ್ಟೆ ತೆಗೆದುಕೊಳ್ಳುವಾಗ ಅಳತೆ, ಕೂಲಿ, ಕೊಡುವ ತಾರೀಕು ಬರೆದ ಚೀಟಿ ಕೊಡುತ್ತಾರೆ. ಹೇಳಿದ ದಿನಕ್ಕೆ ಕೊಡಲಾಗದಿದ್ದರೆ ಹಿಂದಿನ ದಿನವೇ ಫೋನ್ ಮಾಡುತ್ತಾರೆ.

ಯುವ ಮಿತ್ರರೇ, ನಮ್ಮಲ್ಲಿ ಇಂಗ್ಲಿಷ್ ಮಲಯಾಳ ಎರಡನ್ನೂ ಓದಬಲ್ಲವರು ಬಹಳ ಮಂದಿ ಇದ್ದೇವೆ. ನಮ್ಮ ಹಿರಿಯರಲ್ಲಿ ಅನೇಕರಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ಆದ್ದರಿಂದ ಪ್ರತಿ ತಿಂಗಳ ಮೊದಲ ಆದಿತ್ಯವಾರ ಎರಡನೇ ಪೂಜೆಯ ನಂತರ ಚರ್ಚ್ ಹಾಲಿನಲ್ಲಿ ನಮ್ಮ ಘಟಕದ ಇಬ್ಬರು ಒಂದು ಗಂಟೆ ಕೂರುವುದೆಂದು ತೀರ್ಮಾನಿಸಿದ್ದೇವೆ. ವಾರಂಟಿ ಕಾರ್ಡು, ವಿಮೆಯ ಕಾಗದ, ಬ್ಯಾಂಕಿನಿಂದ ಬಂದ ಪತ್ರ, ಏನಿದ್ದರೂ ತನ್ನಿ. ಓದಿ ಕನ್ನಡದಲ್ಲಿ ಹೇಳುತ್ತೇವೆ. ಪತ್ರ ಬೇಕಿದ್ದರೆ ಬರೆದುಕೊಡುತ್ತೇವೆ. ಖರ್ಚು ಏನೂ ಇಲ್ಲ.

ಬರುವಾಗ ಬಿಲ್ ಮಾತ್ರ ಮರೆಯದೆ ತನ್ನಿ.