ಶಿಕಾಗೊ ನಗರದಲ್ಲೊಂದು ದಕ್ಷಿಣದ ಒಲೆ

ಕಳೆದ ಬೇಸಗೆಯ ರಜೆಯಲ್ಲಿ ನಾವು ಪತ್ನೀಸಮೇತರಾಗಿ ಅಮೇರಿಕಕ್ಕೆ ಹೋಗಿ ಬಂದೆವು. ಮಗನಿರುವುದು ಉತ್ತರ ಕೆರೊಲಿನಾ ರಾಜ್ಯದ ರಾಲೀ ನಗರದಲ್ಲಿ. ಹೆಸರಿನಲ್ಲಿ ಉತ್ತರವಿದ್ದರೂ ಆ ರಾಜ್ಯ ಸೇರಿರುವುದು ಆ ದೇಶದ ದಕ್ಷಿಣ ಸೀಮೆಗೆ. ಅಲ್ಲಿ ಐದು ವಾರ ಕಳೆದು, ಮರಳುವ ಮುನ್ನ ಒಂದು ವಾರ ಉತ್ತರದ ಶಿಕಾಗೊದಲ್ಲಿ ಸೋದರಳಿಯನ ಮನೆಯಲ್ಲಿದ್ದೆವು. ಗಗನಚುಂಬಿ ಕಟ್ಟಡಗಳ ವರ್ಣನೆಯನ್ನು ವಾಚಕರು ಬೇರೆಡೆ ಬೇಕಾದಷ್ಟು ಓದಿರಬಹುದು. ನಮ್ಮ ಮಾತು ಬಾರ್ಬೆಕ್ಯೂ ಎಂಬ ಒಂದು ಅಡುಗೆಯ ಕುರಿತು. ಅದು ಹಂದಿಯ ಮಾಂಸದ್ದು. ಸಸ್ಯಾಹಾರಿಗಳಾದ ವಾಚಕರು ಈ ಪುಟವನ್ನು ಮಗುಚಿ ಹಾಕಿದರೆ ನಮಗೆ ಬೇಸರವಿಲ್ಲ. ನಮ್ಮ ಮನೆಯವರೇ ಅದನ್ನು ಮುಟ್ಟುವವರಲ್ಲ.

ಬಾರ್ಬೆಕ್ಯೂ ಎಂದರೆ ಕೆಂಡದ ಮೇಲೆ ಚುರುಕಾಗಿ ಸುಟ್ಟು ಕೊಡುವ ಮಾಂಸವೆಂದೇ ನಾವು ತಿಳಿದಿದ್ದೆವು. ಹಾಗಲ್ಲ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಬೆಂಕಿಯ ಮೇಲೆ ಕೋಲುಗಳ ಅಟ್ಟ ಕಟ್ಟುತ್ತಿದ್ದರು. ಅದರ ಹೆಸರನ್ನು ಸ್ಪೇನಿನವರು ‘ಬಾರ್ಬಕೋವಾ’ ಎಂದು ಉಚ್ಚರಿಸಿದರು. ಈಗಿನ ಮಾತು ಅಲ್ಲಿಂದ ಬಂದುದು. ನಮ್ಮ ಹಳೆಯ ಅಡುಗೆಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲದುದ್ದಕ್ಕೂ ತೆಂಗಿನಕಾಯಿ ಹೊಗೆಗೆ ಒಣಗುತ್ತಿದ್ದುದನ್ನು ಕಂಡವರಿಗೆ ಇದರ ಮರ್ಮ ಬೇಗ ತಿಳಿದೀತು. ಬೆಂಕಿ ದೂರ, ಹೊಗೆ ಹತ್ತಿರ, ಅವಸರವಿಲ್ಲ.

ರಾಲೀಯ ಪೂರ್ವಕ್ಕೆ ಏಡನ್ ಎಂಬ ಸಣ್ಣ ಊರಿದೆ. ಅಲ್ಲಿ 1947ರಿಂದ ನಡೆದುಬಂದಿರುವ ‘ಸ್ಕೈಲೈಟ್ ಇನ್’ ಎಂಬ ಹೋಟೆಲಿನ ಮಾಡಿನ ಮೇಲೆ ವಾಷಿಂಗ್ಟನ್ನಿನ ಸಂಸತ್ ಭವನದ ಗುಮ್ಮಟವನ್ನು ಹೋಲುವ ಗುಮ್ಮಟವೊಂದನ್ನು ನಿಲ್ಲಿಸಿದ್ದಾರೆ. ನಗು ಬರುವಂತಿದೆ, ಆದರೆ ಒಳಗಿನ ಕೆಲಸ ನಗುವಂಥದಲ್ಲ. ಓಕ್ ಮರದ ಸೌದೆಯನ್ನು ಉರಿಸಿ, ಕೆಂಡವನ್ನು ಸಲಿಕೆಯಿಂದ ಎತ್ತಿ, ಇಡೀ ಹಂದಿಯ ಕೆಳಗೆ ಹರಡಿ ರಾತ್ರಿಯಿಡೀ ಬೇಯಿಸುತ್ತಾರೆ. ಆಮೇಲೆ ಎರಡು ಕತ್ತಿಗಳಿಂದ ಗರಿಗರಿಯಾದ ತೊಗಲನ್ನೂ ಕೂಡಿಸಿ ಕೊಚ್ಚುತ್ತಾರೆ. ಮಸಾಲೆಯೆಂದರೆ ಉಪ್ಪು, ಮೆಣಸು, ವಿನೆಗರ್ ಮತ್ತು ಖಾರದ ಸಾಸ್, ಅಷ್ಟೆ. ಜತೆಗೆ ಜೋಳದ ಹಿಟ್ಟಿನ ರೊಟ್ಟಿಯ ತುಂಡು, ಕೋಸಿನ ಸಲಾಡು. ಮೀನಿಗೆ ಹುಳಿ ಬಿದ್ದರಷ್ಟೇ ಊಟವೆಂದು ಬೆಳೆದ ನಾಲಗೆ ನಮ್ಮದು. ಮೊದಲ ತುತ್ತಿಗೇ ಸೋತೆವು.

ಪಶ್ಚಿಮಕ್ಕೆ ಸುಮಾರು 100 ಮೈಲಿ ಹೋದರೆ ಲೆಕ್ಸಿಂಗ್ಟನ್. ಅಲ್ಲಿಯವರು ಹಂದಿಯ ಭುಜದ ಮಾಂಸವನ್ನು ಮಾತ್ರ ಬೇಯಿಸುತ್ತಾರೆ, ವಿನೆಗರಿಗೆ ಸ್ವಲ್ಪ ಟೊಮೆಟೊ ಸಾಸ್ ಕೂಡಿಸುತ್ತಾರೆ. 1984ರಿಂದ ಅದಕ್ಕೆಂದೇ ಉತ್ಸವ ನಡೆಸುತ್ತ ಬಂದಿದ್ದಾರೆ. ಆ ಸ್ವಲ್ಪ ಟೊಮೆಟೊ ಕುರಿತು ಪೂರ್ವದವರಿಗೂ ಪಶ್ಚಿಮದವರಿಗೂ ಮುಗಿಯದ ಜಗಳ. ನಾವು ಪೂರ್ವದ ಪಕ್ಷ ಹಿಡಿದೆವು. ಪರವೂರಿನವನು ಐದೇ ವಾರಗಳಲ್ಲಿ ಎಷ್ಟು ಕಡು ಅಭಿಮಾನಿಯಾಗಬಲ್ಲನು ನೋಡಿ!

ಈ ಅಭಿಮಾನವನ್ನು ಹೊತ್ತೇ ಶಿಕಾಗೊ ಸೇರಿದೆವು. ಅಳಿಯನು, “ಮಾವ, ಇಲ್ಲಿಯೂ ಒಳ್ಳೇದು ಸಿಗ್ತದೆ. ಆದರೆ ಕೂತು ತಿನ್ಲಿಕ್ಕೆ ಜಾಗ ಇಲ್ಲ” ಎಂದು ನಗರದ ದಕ್ಷಿಣ ಭಾಗದ ಒಂದು ಅಂಗಡಿಗೆ ಕರೆದೊಯ್ದನು. ಮೇಜಿಲ್ಲ, ಕುರ್ಚಿಯಿಲ್ಲ, ಗುಂಡು ತೂರದ ದಪ್ಪ ಗಾಜಿನ ಆಚೆ ಮಾರುವವರು, ಈಚೆ ಕೊಳ್ಳುವವರು. ಆಚೆ ಕಂಡ ಒಲೆಯಂತೂ ಮೀನು ಸಾಕುವ ಗಾಜಿನ ತೊಟ್ಟಿಯಂತಿತ್ತು. ಕೆಳಗೆ ಉಕ್ಕಿನ ಗೂಡಿನಲ್ಲಿ ಸೌದೆಯ ಬೆಂಕಿ. ಮೇಲೆ ಗಾಜಿನ ಗೋಡೆಗಳೊಳಗೆ ಹೊಗೆಯಲ್ಲಿ ಮಾಂಸ. ಜ್ವಾಲೆ ಎದ್ದಾಗ ನೀರು ಚಿಮುಕಿಸುತ್ತಿದ್ದರು. ಅಲ್ಲಿಯವರೂ ಅದನ್ನು ‘ಅಕ್ವೇರಿಯಂ’ ಎಂದೇ ಕರೆಯುತ್ತಾರಂತೆ. ಕೊಟ್ಟಿದ್ದು ಪಕ್ಕೆಲುಬಿನ ತುದಿಯ ಮೃದ್ವಸ್ಥಿಯ ತುಂಡುಗಳು ಮತ್ತು ಖಾರದ ಸಾಸೇಜು. ಅಡಿಯಲ್ಲಿ ಹುರಿದ ಬಟಾಟೆ, ಮೇಲೆ ಬಿಳಿಯ ಬ್ರೆಡ್ಡು, ಎಲ್ಲವನ್ನೂ ಮುಳುಗಿಸಿದ ಸಿಹಿಯಾದ ಕೆಂಪು ಸಾಸ್. ಇಡೀ ಹಂದಿಯಿಲ್ಲ, ಹುಳಿಯಿಲ್ಲ. ಮನಸ್ಸಿನಲ್ಲೇ ನೂರಕ್ಕೆ ಮೂವತ್ತು ಅಂಕ ಕೊಟ್ಟು, “ಇದು ನಿಜವಾದ ಬಾರ್ಬೆಕ್ಯೂ ಅಲ್ಲ” ಎಂದೆವು. ಇನ್ನೂ ಬಾಯಿಗೆ ಇಟ್ಟಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಸಾಲಿನಲ್ಲಿದ್ದ ಆಫ್ರಿಕನ್ ಮೂಲದ ವೃದ್ಧರೊಬ್ಬರು ನಮ್ಮನ್ನು ಮಾತನಾಡಿಸಿ, ನಮ್ಮ ಕೆರೊಲಿನಾದ ಹೊಗಳಿಕೆಯನ್ನು ತಾಳ್ಮೆಯಿಂದ ಕೇಳಿದರು. ತಮ್ಮ ತಾಯಿ ಮಿಸಿಸಿಪ್ಪಿಯಿಂದ ರೈಲಿನಲ್ಲಿ ಬಂದವರೆಂದರು. ಊರಲ್ಲಿ ಹಿತ್ತಿಲಿತ್ತು, ಹಿತ್ತಿಲಲ್ಲಿ ಕುಳಿಯಿತ್ತು, ಇಲ್ಲಿ ಅಗೆಯಲು ನೆಲವೆಲ್ಲಿ ಎಂದು ಕೇಳಿದರು.

ಅಳಿಯನು ವಿವರಿಸಿದ ಮೇಲೆ ನಮಗೆ ಪೂರ್ತಿ ತಿಳಿಯಿತು. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕರಿಯ ಜನರು ದಕ್ಷಿಣದ ದಬ್ಬಾಳಿಕೆಯನ್ನೂ ಬಡತನವನ್ನೂ ಬಿಟ್ಟು ಉತ್ತರಕ್ಕೂ ಪಶ್ಚಿಮಕ್ಕೂ ಹೋದರು. ಮಿಸಿಸಿಪ್ಪಿಯವರಿಗೆ ಶಿಕಾಗೊ ಒಂದೇ ರೈಲಿನ ದಾರಿ. ನಗರದಲ್ಲಿ 1865ರಿಂದ 1971ರವರೆಗೆ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ಬೃಹತ್ ಪಶುಪೇಟೆಯಿತ್ತು. ಸುತ್ತಣ ಮಾಂಸದ ಕಾರ್ಖಾನೆಗಳಲ್ಲಿ ಅವರಲ್ಲಿ ಅನೇಕರು ದುಡಿದರು. ಪಕ್ಕೆಲುಬನ್ನು ಅಂದವಾಗಿ ಕತ್ತರಿಸಿದಾಗ ಉಳಿಯುವ ತುದಿಗಳು ಅಗ್ಗ. ನಾವು ಮೂವತ್ತು ಅಂಕ ಕೊಟ್ಟಿದ್ದು ಅದಕ್ಕೆ.

ಆಗ ನಮ್ಮ ಅಧ್ಯಾಪಕ ತರಬೇತಿಯ ದಿನಗಳು ನೆನಪಾದವು. ಬೆಂಗಳೂರಿನ ಕಡೆಯಿಂದ ಬಂದಿದ್ದ ವಿದ್ವಾಂಸರೊಬ್ಬರು ನಮ್ಮ ಮಾದರಿ ಪಾಠವನ್ನು ಕೇಳಿ, “ಇದು ಪುಸ್ತಕದ ಕನ್ನಡ. ನಿಜವಾದ ಕನ್ನಡ ನಿಮಗೆಲ್ಲಿಂದ ಬರಬೇಕು?” ಎಂದು ನಕ್ಕಿದ್ದರು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಆ ಕನ್ನಡವನ್ನು ಪುಸ್ತಕದಿಂದಲ್ಲದೆ ಎಲ್ಲಿಂದ ತರಬೇಕಿತ್ತು? ಆ ಶಿಕಾಗೊದವರು ಊರು ಬಿಟ್ಟು ಹೋದವರು. ನಾವು ಕಾಸರಗೋಡಿನವರು ಕದಲಲೇ ಇಲ್ಲ. 1956ರ ನವೆಂಬರ್ 1ರಂದು ಗಡಿಯ ಗೆರೆ ನಮ್ಮ ಉತ್ತರಕ್ಕೆ ಬಿತ್ತು. ಆದರೂ ಆ ನಗು ಮೂವತ್ತು ವರ್ಷ ನಮ್ಮೊಳಗೆ ಉಳಿದಿದೆ. ಅದೇ ನಗುವನ್ನು ನಾವೇ ಆ ವೃದ್ಧರ ಎದುರು ನಕ್ಕಿದ್ದೆವು.

ಕಾರಿನ ಬಾನೆಟ್ಟಿನ ಮೇಲೆ ಪೊಟ್ಟಣ ಬಿಚ್ಚಿ ನಿಂತೇ ತಿಂದೆವು. ಮೃದ್ವಸ್ಥಿಯನ್ನು ಕಚ್ಚಿ ಬಿಡಿಸಿಕೊಂಡು ತಿನ್ನಬೇಕು, ಕೆಲಸ ನಿಧಾನ. ಆದರೆ ಎಲುಬಿನ ಹತ್ತಿರ ಹೊಗೆ ಆಳವಾಗಿ ಇಳಿದಿತ್ತು. ಸಾಸೇಜಿನ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಕೊನೆಯಲ್ಲಿ ಸಾಸು, ಕೊಬ್ಬು ಹೀರಿಕೊಂಡ ಆ ಬ್ರೆಡ್ಡು, ಮೀನುಸಾರು ಹೀರಿದ ತಂಗಳು ದೋಸೆಯಂತೆ, ಎಲ್ಲಕ್ಕಿಂತ ರುಚಿಯಾಗಿತ್ತು. ಸಾಸ್ ನಮಗೆ ಇಂದಿಗೂ ಸಿಹಿ ಹೆಚ್ಚೇ. ಏಡನ್ನಿನ ಹುಳಿಯನ್ನು ನಾವು ಬಿಟ್ಟುಕೊಡುವವರಲ್ಲ. ಆದರೆ ಮರುದಿನ ಸಂಜೆ ಅಳಿಯನನ್ನು ಎಬ್ಬಿಸಿಕೊಂಡು ಪುನಃ ಅಲ್ಲಿಗೇ ಹೋದೆವು.

ಮನೆ ಸೇರಿದಾಗ ನಮ್ಮ ಅಂಗಿಯ ಹೊಗೆವಾಸನೆಗೆ ಮನೆಯವರು, “ಮೊದಲು ಮಿಂದು ಬನ್ನಿ, ಮತ್ತೆ ಮಾತು” ಎಂದರು. ಎರಡು ಸಲ ಒಗೆದರೂ ಆ ವಾಸನೆ ಪೆಟ್ಟಿಗೆಯಲ್ಲಿ ಊರಿನವರೆಗೆ ಬಂತು.