ಕೊನೆಗೆ ಕೂಡುವ ‘ಓನ್ಲಿ’

ಲಚ್ಯಾಣ ಸ್ಟೇಷನ್. ಸೊಲ್ಲಾಪುರದ ಗಾಡಿಗೆ ಕಾಯುತ್ತಿದ್ದ ಕಾಲೇಜು ಹುಡುಗನೊಬ್ಬ ಫೋನಿನಲ್ಲಿ, ‘ಐ ಆ್ಯಮ್ ಇನ್ ಲಚ್ಯಾಣ ಓನ್ಲಿ, ಸರ್’ ಅಂದ. ಫೋನ್ ಇಟ್ಟು ಗೆಳೆಯನ ಕಡೆ ತಿರುಗಿ, ‘ಲಚ್ಯಾಣದಾಗಽ ಅದೀನಿ ಅಂತ ಹೇಳೀನಿ’ ಅಂದ. ಆ ‘ಗಽ’ದ ಎಳೆತವೇ, ಅಂದರೆ ಬರಹದ ಕನ್ನಡದ ‘ಏ’ಯೇ, ಇಂಗ್ಲಿಷಿಗೆ ಹೋಗಿ ಓನ್ಲಿ ಆಗಿದೆ!

ಹಳೆಯ ಇಂಗ್ಲಿಷಿನಲ್ಲಿ ಇದು ‘ಆನ್‌ಲಿಕ್’. ಆನ್ ಎಂದರೆ ಒಂದು, ಲಿಕ್ ಎಂದರೆ ಹಾಗಿರುವುದು. ಒಂಟಿಯಾದದ್ದು, ಸಾಟಿಯಿಲ್ಲದ್ದು. ಉಳಿದದ್ದನ್ನೆಲ್ಲ ಹೊರಗಿಡುವುದೇ ಅದರ ಹುಟ್ಟುಗುಣ. ನಮ್ಮ ‘ಏ’ ಹಾಗಲ್ಲ. ಹೊರಗಿಡುವುದೂ ಉಂಟು, ಬರೀ ಒತ್ತಿ ಹೇಳುವುದೂ ಉಂಟು. ‘ಎಲ್ಲೂ ಹೋಗಿಲ್ಲ, ಇಲ್ಲಿದ್ದೇನೆ’ ಎಂಬ ಭರವಸೆಯನ್ನು ಇಂಗ್ಲಿಷಿನವರು ದನಿಯ ಏರಿಳಿತದಲ್ಲಿ ಮುಗಿಸುತ್ತಾರೆ. ನಮಗೆ ಅದಕ್ಕೊಂದು ಅಕ್ಷರ ಬೇಕು. ತಮಿಳರಿಗೆ ‘ತಾನ್’ ಇದೆ, ಹಿಂದಿಯವರಿಗೆ ‘ಹೀ’ ಇದೆ. ದೇಶದ ತುಂಬ ಈ ಓನ್ಲಿ ಕೇಳಿಸುವುದು ಅದಕ್ಕೇ ಇರಬೇಕು.

ಈ ಇಂಡಿ ಸೀಮೆಯ ಲಿಂಬಿಕಾಯಿಯನ್ನೇ ತಗೊಳ್ಳಿ.
‘ಅಪ್ಪನಽ ಇಂಡ್ಯಾಗ ಲಿಂಬಿಕಾಯಿ ಮಾರ್‍ಯಾನ’: ದಲಾಲರನ್ನು ನಡುವೆ ಬಿಟ್ಟಿಲ್ಲ.
‘ಅಪ್ಪ ಇಂಡ್ಯಾಗಽ ಮಾರ್‍ಯಾನ’: ವಿಜಯಪುರಕ್ಕೆ ಒಯ್ದಿಲ್ಲ.
‘ಅಪ್ಪ ಲಿಂಬಿಕಾಯಿನಽ ಮಾರ್‍ಯಾನ’: ಬೇರೇನೂ ಮಾರಿಲ್ಲ.
ಯಾವ ಪದದ ಮೇಲೆ ಭಾರವೋ ಅದರ ಬಾಲಕ್ಕೇ ಒತ್ತು ಅಂಟುತ್ತದೆ. ಇಂಗ್ಲಿಷಿನಲ್ಲಿ ಓನ್ಲಿ ಸಾಮಾನ್ಯವಾಗಿ ಆ ಪದಕ್ಕಿಂತ ಮೊದಲು ನಿಲ್ಲುತ್ತದೆ. ಹುಡುಗ ಪದವನ್ನು ಇಂಗ್ಲಿಷಿನಿಂದ ತಂದ, ಜಾಗವನ್ನು ಕನ್ನಡದ್ದೇ ಇಟ್ಟ.

ಚೆಕ್ಕಿನ ಮೇಲಾದರೆ ಇಂಗ್ಲಿಷಿನವರೂ ಅದನ್ನು ಕೊನೆಗೇ ಬರೆಯುತ್ತಾರೆ. ನಾವು ‘ಐದು ಸಾವಿರ ರೂಪಾಯಿ ಮಾತ್ರ’ ಅನ್ನುತ್ತೇವೆ. ಗಡಿಯಾಚೆ ಮರಾಠಿಯಲ್ಲಿ ‘ಫಕ್ತ’, ಅದು ಅರಬ್ಬಿಯಿಂದ ಬಂದದ್ದು. ಮಾತ್ರ ಎಂದರೆ ಮೂಲದಲ್ಲಿ ಅಳತೆ, ಗುಳಿಗೆಯ ‘ಮಾತ್ರೆ’ಯೂ ಅದೇ ಬಳಗ. ಮೂರರ ಕೆಲಸವೂ ಒಂದೇ: ಮುಂದೆ ಯಾರೂ ಇನ್ನೊಂದು ಪದ ಸೇರಿಸದಂತೆ ಬಾಗಿಲು ಹಾಕುವುದು.

ಇಷ್ಟಾಗಿಯೂ ಒಂದು ಬಗೆಹರಿದಿಲ್ಲ. ಒತ್ತಿಗೆ ಇಂಗ್ಲಿಷಿನಲ್ಲಿ ಬೇರೆ ಪದಗಳೂ ಇದ್ದವಲ್ಲ, ‘ಈವನ್’, ‘ಜಸ್ಟ್’, ‘ವೆರಿ’. ಓನ್ಲಿಯೇ ಏಕೆ ಗೆದ್ದಿತು? ‘ನಾನೇ ಬಂದೆ’ ಎನ್ನುವಲ್ಲಿ ಒತ್ತೂ ಒಂಟಿತನವೂ ಕೂಡಿಕೊಂಡಿರುವುದರಿಂದಲೇ ಏನೋ.

ಇಂಗ್ಲಿಷ್ ಮಾಸ್ತರರಲ್ಲಿ ಒಂದು ವಿನಂತಿ. ಪರೀಕ್ಷೆಯ ಹಾಳೆಯಲ್ಲಿ ಆ ಓನ್ಲಿಯನ್ನು ತಿದ್ದಿರಿ, ತಿದ್ದಲೇಬೇಕು. ಆದರೆ ಕೆಂಪು ಗೆರೆ ಎಳೆಯುವ ಮೊದಲು, ಅಲ್ಲಿ ಕನ್ನಡದ ‘ಏ’ ಕೂತಿದೆ ಎಂದು ಮಕ್ಕಳಿಗೆ ಬಿಡಿಸಿ ಹೇಳಿರಿ.